ಆಟಿಕಾದ ಕೈದಿಗಳು ಕೇಳಿದ್ದು

1971ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಆಟಿಕಾ ಜೈಲಿನಲ್ಲಿ ದಂಗೆ ಎದ್ದ ಕೈದಿಗಳು ಒಳ್ಳೆಯ ಊಟ, ಚಿಕಿತ್ಸೆ, ನ್ಯಾಯವಾದ ಕೂಲಿ ಕೇಳಿದ್ದರು. ಜೊತೆಗೆ ಇನ್ನೊಂದು: ಪ್ರಕಾಶಕರಿಂದ ಬರುವ ಪತ್ರಿಕೆ, ಪುಸ್ತಕಗಳಿಗೆ ಕತ್ತರಿ ಹಾಕಬೇಡಿ. ಜೈಲನ್ನು ಮರಳಿ ವಶಕ್ಕೆ ಪಡೆಯುವಾಗ ಪೊಲೀಸರು ಹಾರಿಸಿದ ಗುಂಡಿಗೆ 39 ಜನ ಬಲಿಯಾದರು. ಅವರಲ್ಲಿ 10 ಮಂದಿ ಕೈದಿಗಳು ಹಿಡಿದಿಟ್ಟಿದ್ದ ಒತ್ತೆಯಾಳುಗಳು.

ಆ ಇತಿಹಾಸವನ್ನು ಹೆದರ್ ಆನ್ ಥಾಂಪ್ಸನ್ ‘ಬ್ಲಡ್ ಇನ್ ದ ವಾಟರ್’ ಎಂಬ ಪುಸ್ತಕವಾಗಿ ಬರೆದರು. ಅದಕ್ಕೆ 2017ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಆದರೂ ಅದೇ ರಾಜ್ಯದ ಜೈಲುಗಳೊಳಗೆ ಪುಸ್ತಕಕ್ಕೆ ಪ್ರವೇಶವಿರಲಿಲ್ಲ! 2022ರಲ್ಲಿ ಲೇಖಕಿ ಕೋರ್ಟಿಗೆ ಹೋದ ಮೇಲೆ ಜೈಲು ಇಲಾಖೆ ಬಗ್ಗಿತು. ಜೈಲಿನ ನಕ್ಷೆಯಿದ್ದ ಎರಡು ಪುಟ ತೆಗೆದು ಪುಸ್ತಕ ಕೊಡುತ್ತೇವೆ ಎಂದಿತು.

ನಕ್ಷೆಯ ವಿಷಯದಲ್ಲಿ ಭದ್ರತೆಯ ಮಾತು ಒಪ್ಪೋಣ. ಆದರೆ ಉಳಿದ ನೂರಾರು ಪುಟಗಳನ್ನು ಅಷ್ಟು ವರ್ಷ ತಡೆದದ್ದೇಕೆ? ಶಿಕ್ಷೆಯಾಗಿರುವುದು ಓಡಾಟಕ್ಕೆ, ಓದಿಗಲ್ಲ. ಅಂಚೆಯಲ್ಲಿ ಬಂದ ಪುಸ್ತಕವನ್ನು ತಡೆದರೆ ಕೈದಿಗೂ ಕಳಿಸಿದವರಿಗೂ ಕಾರಣ ಬರೆದು ಕೊಡಬೇಕು. ಮೇಲ್ಮನವಿ ಕೇಳುವವರು ಜೈಲು ಇಲಾಖೆಯ ಹೊರಗಿನವರೇ ಆಗಿರಬೇಕು.