ಫ್ಯಾಮಿಲಿ ರೂಮಿನ ಪರದೆ

ಎಂಬತ್ತರ ದಶಕದ ಹೊಸಪೇಟೆಯಲ್ಲಿ ಹೋಟೆಲಿನ ಊಟ ಅಂದರೆ ಅನಿವಾರ್ಯದ ಊಟ. ಕೋರ್ಟಿಗೆ ಬಂದವರು, ಆಸ್ಪತ್ರೆಗೆ ಯಾರನ್ನೋ ಸೇರಿಸಿದವರು, ಕಂಪ್ಲಿ ಬಸ್ಸು ತಪ್ಪಿಸಿಕೊಂಡವರು ಉಣ್ಣುತ್ತಿದ್ದರು. ಮನೆಮಂದಿಯೆಲ್ಲ ಹೊರಗೆ ಉಣ್ಣಲೆಂದೇ ಹೊರಟರೆ, ಮನೆಯಲ್ಲಿ ಏನಾಯಿತೆಂದು ಓಣಿಯವರು ವಿಚಾರಿಸುತ್ತಿದ್ದರು.

ಹೆಂಗಸರಿಗೆಂದು ಫ್ಯಾಮಿಲಿ ರೂಮು ಇರುತ್ತಿತ್ತು. ಪ್ಲೈವುಡ್ಡಿನ ಗೂಡು, ಅದಕ್ಕೊಂದು ಜಿಡ್ಡುಗಟ್ಟಿದ ಪರದೆ, ಯಾರ್ಯಾರೋ ಕೈ ಒರೆಸಿ ಕಪ್ಪಾದ ಅದರ ಅಂಚು. ಅವ್ವ ಅದರೊಳಗೂ ಬರೀ ಚಹಾ ಕುಡಿಯುತ್ತಿದ್ದಳು. ಮಾಡಿದವರು ಯಾರೋ, ತೊಳೆದವರು ಯಾರೋ ಎಂಬ ಅಂಜಿಕೆ ಒಂದು. ಗಂಡಸರ ನಡುವೆ ಉಣ್ಣುವ ಸಂಕೋಚ ಇನ್ನೊಂದು. ಅಪ್ಪ ಮತ್ತು ನಾವು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುವಾಗ ಆಕೆ ಪರದೆ ಸರಿಯದಂತೆ ಹಿಡಿದು ಕೂತಿರುತ್ತಿದ್ದಳು. ಹಳೆಯ ಹೋಟೆಲುಗಳ ಬಗ್ಗೆ ಯಾರಾದರೂ ಹಳಹಳಿಸಿ ಬರೆದರೆ ನನಗೆ ನೆನಪಾಗುವುದು ಆ ಪರದೆಯೇ.

ಹಂಪಿಯ ಲೆಕ್ಕ ಬೇರೆ ಇತ್ತು. ಬಜಾರಿನಲ್ಲಿ ವಿದೇಶಿಯರಿಗೆ ಪ್ಯಾನ್‌ಕೇಕ್, ನೂಡಲ್ಸ್ ಸಿಗುತ್ತಿದ್ದವು. ನಾವು ವಿರೂಪಾಕ್ಷನ ದರ್ಶನ ಮುಗಿಸಿ ಬುತ್ತಿ ಬಿಚ್ಚುತ್ತಿದ್ದೆವು. 2011ರಲ್ಲಿ ಆ ಬಜಾರು ತೆರವಾಯಿತು, 2020ರಲ್ಲಿ ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ಹೋಟೆಲುಗಳೂ ನೆಲಸಮವಾದವು.

ಆದರೆ ನಮ್ಮ ಸೀಮೆಯಲ್ಲಿ ಚೀನಾ ಮನೆಮಾತಾದದ್ದು ಆ ನೂಡಲ್ಸಿನಿಂದಲ್ಲ, ಅದಿರಿನ ಲಾರಿಗಳಿಂದ. 2008ರ ಬೀಜಿಂಗ್ ಒಲಿಂಪಿಕ್ಸಿನ ಮುಂಚಿನ ವರ್ಷಗಳಲ್ಲಿ ಅಲ್ಲಿ ಉಕ್ಕಿನ ಬೇಡಿಕೆ ಏರಿ ಅದಿರಿಗೆ ಚಿನ್ನದ ಬೆಲೆ ಬಂತು. ಸಂಡೂರಿನ ಗುಡ್ಡಗಳನ್ನು ಅಗೆದು ಬೇಲೆಕೇರಿಯಂಥ ಬಂದರುಗಳಿಗೆ ಸಾಗಿಸಿದರು. ರಸ್ತೆ ಬದಿಯ ಗಿಡಮರಗಳೆಲ್ಲ ಕೆಂಪಾದವು. ಆ ದುಡ್ಡಿನ ಕಾಲದಲ್ಲೇ ಊರಿನಲ್ಲಿ ಏಸಿ ರೆಸ್ಟೋರೆಂಟುಗಳು ಎದ್ದವು, ಮೆನುವಿಗೆ ಚೈನೀಸ್ ಎಂಬ ಪುಟ ಸೇರಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೂ ಆ ಪುಟ ಉಳಿಯಿತು. ಅದರಲ್ಲಿದ್ದ ಗೋಬಿ ಮಂಚೂರಿಗೂ ಚೀನಾಕ್ಕೂ ಸಂಬಂಧ ಕಡಿಮೆ. 1975ರಲ್ಲಿ ಮುಂಬೈಯಲ್ಲಿ ನೆಲ್ಸನ್ ವಾಂಗ್ ಕೋಳಿಯಿಂದ ಮಾಡಿದ ಮಂಚೂರಿಯನ್ ಅದರ ಮೂಲವೆನ್ನುತ್ತಾರೆ. 2024ರ ಮಾರ್ಚಿನಲ್ಲಿ ರಾಜ್ಯ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು, ನಮ್ಮ ಮಕ್ಕಳು ತಿನ್ನುವುದು ಅದನ್ನೇ.

ಹೋದ ವರ್ಷ ಬೆಂಗಳೂರಿನಲ್ಲಿ ಮಗಳು ನಮ್ಮನ್ನು ಡಿಮ್ ಸಮ್ ತಿನ್ನಿಸಲು ಕರೆದೊಯ್ದಳು. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಕಡೆಯ ಚಹಾ ಅಂಗಡಿಗಳ ತಿಂಡಿ ಅದು. ಅಲ್ಲಿ ಬೆಳಿಗ್ಗೆ ತಿನ್ನುತ್ತಾರೆ, ನಾವು ರಾತ್ರಿ ತಿಂದೆವು. ಬಿದಿರಿನ ಬುಟ್ಟಿಯ ಮುಚ್ಚಳ ತೆಗೆದಾಗ ಹಬೆ ಮುಖಕ್ಕೆ ಬಡಿಯಿತು. ಹೊದಿಕೆ ಎಷ್ಟು ತೆಳುವೆಂದರೆ ಒಳಗಿನ ಪಾಲಕಿನ ಹಸಿರು ಕಾಣುತ್ತಿತ್ತು. ಅವ್ವ ಚಾಪ್‌ಸ್ಟಿಕ್ ಬದಿಗಿಟ್ಟು, ಒಂದನ್ನು ಬೆರಳಲ್ಲಿ ಎತ್ತಿ ಅಂಚಿನ ನಿರಿಗೆಗಳನ್ನು ತಿರುಗಿಸಿ ನೋಡಿದಳು.

"ಕುಚ್ಚಿದ ಕಡುಬು ಇದ್ದಂಗ ಐತಿ. ಆದ್ರ ಇಷ್ಟು ತೆಳು ಲಟ್ಟಿಸಿದ್ರ ಒಡೀಬೇಕಲ್ಲವಾ?"

ಮಗಳು ಬಡಿಸುವ ಹುಡುಗನನ್ನು ಕೇಳಿದಳು. ಗೋಧಿಯ ಪಿಷ್ಟಕ್ಕೆ ಕುದಿಯುವ ನೀರು ಹಾಕಿ ಕಲಸುತ್ತಾರೆ ಅಂದ. ಅವ್ವ "ಅದಕ್ಕ ಮತ್ತ" ಎಂದು ತಲೆದೂಗಿ ಇನ್ನೊಂದು ಬುಟ್ಟಿ ತರಿಸಲು ಹೇಳಿದಳು. ಸುತ್ತ ಹತ್ತಾರು ಮೇಜು, ಗಂಡಸರು, ಹೆಂಗಸರು, ನಡುವೆ ಯಾವ ಮರೆಯೂ ಇಲ್ಲ. ನನಗೆ ಆದ ಸಂತೋಷಕ್ಕೆ ರುಚಿಗಿಂತ ಅದೇ ದೊಡ್ಡ ಕಾರಣ.

ಈಗ ಹೊಸಪೇಟೆಯಲ್ಲೂ ಸಂಜೆ ಗಾಡಿಗಳಲ್ಲಿ ಮೋಮೊ ಸಿಗುತ್ತದೆ, ಕಾಲೇಜು ಬಿಟ್ಟ ಹುಡುಗಿಯರು ರಸ್ತೆಯಲ್ಲೇ ನಿಂತು ತಿನ್ನುತ್ತಾರೆ. ಮೈದಾದ ದಪ್ಪ ಹೊದಿಕೆಯ ಬಗ್ಗೆ ಅವ್ವನ ತಕರಾರು ಇದೆ. ಅವರು ನಿಂತು ತಿನ್ನುವ ಬಗ್ಗೆ ಇಲ್ಲ.