ಅಪ್ಪನ ಹಿಮ್ಮಡಿ

ಮೂಡಿಗೆರೆ, ಡಿಸೆಂಬರ್ 4, ಗುರುವಾರ

ಅಪ್ಪನ ಬಲಗಾಲಿನ ಗಾಯ ಅಂತೂ ಮಾಯ್ದಿದೆ. ಒಂದೂವರೆ ತಿಂಗಳು ಹಿಡಿಯಿತು. ಕಾಲುಚೀಲದ ಒಳಹೊಲಿಗೆ ಹಿಮ್ಮಡಿಗೆ ಒತ್ತಿ ಆದ ಗಾಯ. ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಸ್ಪರ್ಶವೇ ಇಲ್ಲ. ಅಂದು ದಿನವಿಡೀ ತೋಟದಲ್ಲಿ ಓಡಾಡಿದ್ದರು, ನೋವು ಗೊತ್ತಾಗಲೇ ಇಲ್ಲ. ರಾತ್ರಿ ಚೀಲ ಕಳಚಿದಾಗ ನಾನೇ ರಕ್ತ ನೋಡಿದ್ದು.

ಒಳಗೆ ಗಂಟು, ಹೊಲಿಗೆ ಇರಕೂಡದು, ಮೇಲುಗಡೆ ಬಿಗಿಯಬಾರದು, ಬಣ್ಣ ತಿಳಿಯಾಗಿರಲಿ, ಏನಾದರೂ ಒಸರಿದರೆ ಕೂಡಲೇ ಕಾಣುತ್ತದೆ ಎಂದರು ಡಾಕ್ಟರು. ನಾನೇ ಹೆಣೆಯುತ್ತೇನೆ. ಕೆನೆ ಬಣ್ಣದ ಸಣ್ಣ ಉಲ್ಲನ್, 13 ನಂಬರಿನ ಐದು ಕಡ್ಡಿ. ನಮ್ಮಲ್ಲಿ ನಂಬರು ಏರಿದಷ್ಟೂ ಕಡ್ಡಿ ಸಪೂರ. 13 ಅಂದರೆ 2.25 ಮಿಲಿಮೀಟರ್. 60 ಕುಣಿಕೆ ಹಾಕಿ ಸುತ್ತು ಶುರು ಮಾಡಿದೆ.

ಡಿಸೆಂಬರ್ 7, ಭಾನುವಾರ

ಹಿಮ್ಮಡಿ ಬಂತು. ಕಾಲಿನ ಭಾಗ ಕೊಳವೆಯಂತೆ ನೇರ ಬರುತ್ತದೆ. ಇಲ್ಲಿ ಮಾತ್ರ ಅದನ್ನು ಬಟ್ಟಲಾಗಿ ತಿರುಗಿಸಬೇಕು. ಅದಕ್ಕೇ ಶಾರ್ಟ್ ರೋ. 60ರಲ್ಲಿ 30 ಕುಣಿಕೆಯನ್ನಷ್ಟೇ ಇಟ್ಟುಕೊಂಡು, ಸಾಲು ಮುಗಿಯುವ ಮೊದಲೇ ಹಿಂತಿರುಗುವುದು. ಪ್ರತಿ ಸಾಲಿಗೂ ಇನ್ನೊಂದು ಕುಣಿಕೆ ಹಿಂದೆ. ನಡುವಿಗೆ ಸಾಲು ಜಾಸ್ತಿ, ಅಂಚಿಗೆ ಕಮ್ಮಿ. ನಡು ತಾನಾಗಿ ಉಬ್ಬುತ್ತದೆ. ತಿರುಗಿದ ಜಾಗದಲ್ಲೆಲ್ಲ ಅಕ್ಕಪಕ್ಕದ ಕುಣಿಕೆಗಳು ಬೇರೆ ಬೇರೆ ಎತ್ತರಕ್ಕೆ ಬಿದ್ದು ತೂತು ಬಾಯಿ ಬಿಡುತ್ತದೆ, ಅದೇ ತೊಂದರೆ.

ಅತ್ತೆ ಅವರ ಕಾಲದ ರೀತಿ ತೋರಿಸಿದರು: ಮುಂದಿನ ಕುಣಿಕೆಯ ಕೊರಳಿಗೆ ನೂಲು ಒಂದು ಸುತ್ತು ಹಾಕಿ ತಿರುಗು, ಆಮೇಲೆ ಆ ಸುತ್ತನ್ನು ಎತ್ತಿ ಕುಣಿಕೆಯ ಜೊತೆ ಸೇರಿಸಿ ಹೆಣೆ. ಹೊರಗಿಂದ ಅಚ್ಚುಕಟ್ಟು. ಒಳಗೆ ಬೆರಳಾಡಿಸಿದರೆ ಸಾಸಿವೆ ಪೋಣಿಸಿದ ಹಾಗೆ ಸಾಲಾಗಿ ಕಾಳು ಕಾಳು.

ಅತ್ತೆಯೂ ಕಣ್ಣು ಮುಚ್ಚಿ ಮುಟ್ಟಿ ನೋಡಿದರು. "ಸ್ವೆಟರಿನ ಭುಜಕ್ಕಾದ್ರೆ ನಡೀತದೆ ಕಣೇ. ಅಣ್ಣನ ಕಾಲಿಗೆ ಬೇಡ. ಬಿಚ್ಚು."

ಡಿಸೆಂಬರ್ 12, ಶುಕ್ರವಾರ

ನಾಲ್ಕು ರಾತ್ರಿ ವಿಡಿಯೊ ನೋಡಿ ಜರ್ಮನ್ ಶಾರ್ಟ್ ರೋ ಕಲಿತೆ. ಇದರಲ್ಲಿ ಸುತ್ತು ಎನ್ನುವುದೇ ಇಲ್ಲ. ತಿರುಗಿ, ನೂಲನ್ನು ಮುಂದೆ ಇಟ್ಟುಕೊಂಡು, ಮೊದಲ ಕುಣಿಕೆಯನ್ನು ಹೆಣೆಯದೆ ಬಲಗಡ್ಡಿಗೆ ದಾಟಿಸಬೇಕು. ಆಮೇಲೆ ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆಯಬೇಕು. ಎಳೆದಾಗ ಕುಣಿಕೆ ಬುಡಸಮೇತ ಮೇಲೆದ್ದು, ಅದರ ಎರಡೂ ಕಾಲು ಕಡ್ಡಿಯ ಮೇಲೆ ಕೂರುತ್ತವೆ. ಮತ್ತೆ ಅಲ್ಲಿಗೆ ಬಂದಾಗ ಎರಡು ಕಾಲನ್ನೂ ಒಟ್ಟಿಗೆ ಹಿಡಿದು ಒಂದೇ ಕುಣಿಕೆಯಾಗಿ ಹೆಣೆದರೆ ಮುಗಿಯಿತು. ಒಳಗೆ ಬೇರೆ ನೂಲಿಲ್ಲ, ಗಂಟಿಲ್ಲ. ಇದನ್ನು ಯೋಚಿಸಿದವರ ಕೈಗೆ ನಮಸ್ಕಾರ ಮಾಡಬೇಕು ಅನ್ನಿಸಿತು.

ಎರಡು ಕಾಲನ್ನು ಎರಡು ಕುಣಿಕೆ ಎಂದು ಎಣಿಸಿ ಒಮ್ಮೆ ಲೆಕ್ಕ ತಪ್ಪಿತು. ಆ ಕಡೆ 10, ಈ ಕಡೆ 10 ಜೋಡಿಗಾಲು, ನಡುವೆ 10 ಒಂಟಿ. ಆಗ 60ರ ಮೇಲೂ ಎರಡು ಪೂರ್ತಿ ಸುತ್ತು. ಅನಂತರ ನಡುವಿನಿಂದ ಹೊರಕ್ಕೆ ಒಂದೊಂದೇ ಕುಣಿಕೆ ಸೇರಿಸಿಕೊಳ್ಳುತ್ತಾ ಬರುವುದು.

ಡಿಸೆಂಬರ್ 15, ಸೋಮವಾರ

ಬಲಗಡೆ ಸರಿಯಾಗಿದೆ. ಎಡಗಡೆ ಮಾತ್ರ ಸಣ್ಣ ಸಣ್ಣ ಕಿಂಡಿ. ದೀಪಕ್ಕೆ ಹಿಡಿದರೆ ಎಣಿಸಬಹುದು.

ಮಧ್ಯಾಹ್ನವೆಲ್ಲ ನನ್ನ ಕೈಯನ್ನೇ ನೋಡುತ್ತಾ ಹೆಣೆದೆ. ಎಡ ಅಂಚಿನಲ್ಲಿ ಶುರುವಾಗುವುದು ಪರ್ಲ್ ಸಾಲು, ಅಂದರೆ ಉಲ್ಟಾ ಹೆಣಿಗೆಯದು. ಹಿಂದಕ್ಕೆ ಎಳೆದ ನೂಲನ್ನು ಪರ್ಲ್‌ಗಾಗಿ ಮತ್ತೆ ಮುಂದಕ್ಕೆ ತರಬೇಕು. ಆ ಒಂದು ಗಳಿಗೆಯಲ್ಲಿ ನೂಲು ಸಡಿಲುತ್ತಿತ್ತು. ಜೋಡಿಗಾಲನ್ನು ಬಲಗೈ ತೋರುಬೆರಳಿನಿಂದ ಕಡ್ಡಿಗೆ ಒತ್ತಿ ಹಿಡಿದೇ ನೂಲು ತಂದೆ. ಸಡಿಲಲಿಲ್ಲ. ಹಾಗೆಂದು ಇನ್ನೂ ಜೋರಾಗಿ ಎಳೆದಾಗ ಕೆಳಗಿನ ಸಾಲು ಸುಕ್ಕಾಯಿತು. ಎರಡು ಕಾಲು ಮೂಡುವಷ್ಟೇ ಎಳೆತ ಸಾಕು. ಹಿಮ್ಮಡಿಯನ್ನು ನಾಲ್ಕನೆಯ ಸಲ ಬಿಚ್ಚಿದೆ.

ಡಿಸೆಂಬರ್ 21, ಭಾನುವಾರ

ಬಲಗಾಲಿನದು ಮುಗಿಯಿತು. ಹಿಮ್ಮಡಿ ಮತ್ತು ಪಾದದ ಮೇಲ್ಭಾಗ ಸೇರುವ ಮೂಲೆಯಲ್ಲಿ ನಡುವಿನ ಎಳೆಯನ್ನು ತಿರುಚಿ ಎತ್ತಿ, ಪಕ್ಕದ ಕುಣಿಕೆಯೊಡನೆ ಹೆಣೆದೆ. ಅಲ್ಲೂ ಕಿಂಡಿಯಿಲ್ಲ. ಚೀಲ ತಿರುವಿಹಾಕಿ ಮುಂಗೈಯ ಒಳಭಾಗಕ್ಕೆ ಉಜ್ಜಿ ನೋಡಿದೆ, ಬೆರಳಿಗಿಂತ ಆ ಚರ್ಮ ತೆಳು. ಏನೂ ತಡೆಯಲಿಲ್ಲ.

ಅಪ್ಪ ಹಾಕಿಕೊಂಡು ಜಗಲಿಯಲ್ಲಿ ಒಂದು ಗಂಟೆ ಕುಳಿತರು. ಕಣದಲ್ಲಿ ಕಾಫಿ ತಿರುವುವವರನ್ನು ಕರೆದು ಕರೆದು ತೋರಿಸಿದರು. ಕಳಚಿ ಕನ್ನಡಕ ಹಾಕಿಕೊಂಡು ನೋಡಿದೆ. ಮಾಯ್ದ ಜಾಗ ಹಾಗೇ ಇದೆ, ಹಿಮ್ಮಡಿಯಲ್ಲಿ ಒಂದು ಗೆರೆಯೂ ಇಲ್ಲ. ಆದರೆ ಮೀನಖಂಡದ ಕೆಳಗೆ, ಚೀಲದ ಬಾಯಿ ಕೂತಲ್ಲಿ, ತೆಳುವಾಗಿ ಒತ್ತಿದ ಗುರುತು.

"ಬಿಡು ಮಗಾ, ನಂಗೆ ಬಿಗೀಲೇ ಇಲ್ಲ" ಅಂದರು.

ಬಿಗಿದರೂ ಅವರಿಗೆ ಹೇಗೆ ತಿಳಿಯಬೇಕು? ಪೂರ್ತಿ ಬಿಚ್ಚಿದೆ. ಸುರುಳಿಗಟ್ಟಿದ ನೂಲನ್ನು ನೆನೆಸಿ, ಹಿಂಡಿ, ಜಗಲಿಯ ಹಗ್ಗಕ್ಕೆ ಹಾಕಿದ್ದೇನೆ. ಈ ಸಲ 64 ಕುಣಿಕೆ. ಹಿಮ್ಮಡಿಗೆ 32: ಆ ಕಡೆ 11, ನಡುವೆ 10, ಈ ಕಡೆ 11.