ಆಪ್ತರಲ್ಲದವರ ಆಪ್ತಸಲಹೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಕನ್ನಡ ಸಂಘವೇ ಊರು. ನಾಮಕರಣಕ್ಕೂ ಅದೇ ಜನ, ರಾಜ್ಯೋತ್ಸವಕ್ಕೂ ಅದೇ ಜನ, ಆಸ್ಪತ್ರೆಯಲ್ಲಿ ಮಲಗಿದರೆ ಗಂಜಿ ತರುವವರೂ ಅವರೇ. ಇದು ದೊಡ್ಡ ಭಾಗ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯೊಳಗಿನ ಕೆಲವು ಸಂಕಟಗಳನ್ನು ಈ ಜನರೆದುರಿಗೇ ಹೇಳಿಕೊಳ್ಳಲಾಗುವುದಿಲ್ಲ. ಒಬ್ಬರ ಕಿವಿಗೆ ಬಿದ್ದದ್ದು ಮುಂದಿನ ಭಾನುವಾರದೊಳಗೆ ನಲವತ್ತು ಮನೆ ಸುತ್ತಿ, ಫೋನಿನಲ್ಲಿ ಊರನ್ನೂ ಮುಟ್ಟಿರುತ್ತದೆ. ಯಾರ ಮನಸ್ಸಿನಲ್ಲೂ ಕೆಡುಕಿರುವುದಿಲ್ಲ, ಮರುಕದಿಂದಲೇ ಹೇಳಿರುತ್ತಾರೆ. ಮರುಕದಿಂದ ಹೇಳಿದರೂ ಹೋದ ಮಾನ ಹೋದಂತೆಯೇ.

ನಮ್ಮ ಮನೆಯ ಸಂಕಟ ಕುಡಿತದ್ದು. ಕುಡಿಯುತ್ತಿದ್ದವನು ನಮ್ಮ ಭಾವಮೈದ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. "ಹೆಸರು ಹಾಕದಿದ್ದರೂ ಸಂಘದಲ್ಲಿ ಗೊತ್ತಾಗುತ್ತದಲ್ಲಪ್ಪ" ಎಂದೆವು. "ಗೊತ್ತಾಗಲಿ ಭಾವ, ಅಚ್ಚಿನಲ್ಲಿ ಮಾತ್ರ ಬೇಡ" ಎಂದ.

ನಾವು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ತಿರುವನಂತಪುರದಲ್ಲಿ ಆರು ವರ್ಷ ಕಳೆದ ಮೇಲೆ ಕೊಚ್ಚಿಗೆ ವರ್ಗವಾಯಿತು. ಗಾಳಿ ಬದಲಾದರೆ ಚಟ ಬಿಟ್ಟೀತೆಂದು ಮಾವನವರು ಮಗನನ್ನು ತೀರ್ಥಹಳ್ಳಿಯಿಂದ ನಮ್ಮಲ್ಲಿಗೆ ಕಳಿಸಿದರು. ಎರ್ನಾಕುಳಂ ಬ್ರಾಡ್‌ವೇಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸವೂ ಸಿಕ್ಕಿತು. ಗಾಳಿ ಬದಲಾಯಿತು, ಚಟ ಬದಲಾಗಲಿಲ್ಲ. ಕೇರಳದಲ್ಲಿ ಮದ್ಯ ಮಾರುವುದು 1984ರಲ್ಲಿ ಸ್ಥಾಪಿತವಾದ ಸರ್ಕಾರಿ ನಿಗಮ. ಅದರ ಅಂಗಡಿಯ ಮುಂದಿನ ಸಾಲಿನಲ್ಲಿ ಕಾಣುವ ಶಿಸ್ತು ನಮ್ಮ ಬಸ್ ನಿಲ್ದಾಣಗಳಲ್ಲಿ ಕಂಡರೆ ದೇಶ ಉದ್ಧಾರವಾದೀತು! ತಿಂಗಳ ಒಂದನೇ ತಾರೀಖು ಮಾರಾಟಕ್ಕೆ ರಜೆ. ಹಾಗಾಗಿ ಹಿಂದಿನ ಸಂಜೆ ಸಾಲು ಇನ್ನೂ ಉದ್ದ.

ಕುಡಿದವನಾದರೂ ಬಿದ್ದಲ್ಲಿ ನಿದ್ದೆ ಮಾಡುತ್ತಿದ್ದ. ನಿದ್ದೆಗೆಟ್ಟದ್ದು ನಮ್ಮ ಮನೆಯವರಿಗೆ. ಗೇಟಿನ ಚಿಲಕ ಸದ್ದಾಗುವವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ. ಸದ್ದಾದ ಮೇಲೆ ಯಾವ ಸ್ಥಿತಿಯಲ್ಲಿದ್ದಾನೋ ಎಂದು ಎದೆ ಬಡಿತ. ತಮ್ಮನಲ್ಲವೆ, ಹೊರಗೆ ಹಾಕುವಂತಿಲ್ಲ. ಹೆತ್ತವರಿಗೆ ನಿಜ ಹೇಳುವಂತಿಲ್ಲ. ಕಡೆಕಡೆಗೆ ಮಾತೇ ಕಡಿಮೆಯಾಗಿ, ಬೇಯಿಸಿದ್ದನ್ನು ಬಡಿಸಿ ತಾವು ಊಟ ಮಾಡುವುದನ್ನೇ ಮರೆಯತೊಡಗಿದರು.

ಪಕ್ಕದ ಕ್ವಾರ್ಟರ್ಸಿನ ಚೇಚಿಗೆ ಯಾರೂ ಹೇಳಬೇಕಾಗಿರಲಿಲ್ಲ, ಗೋಡೆ ತೆಳ್ಳಗಿತ್ತು. ತಮ್ಮ ಇಗರ್ಜಿಗೆ ಸೇರಿದ ಸಲಹಾ ಕೇಂದ್ರದಲ್ಲಿ ಒಬ್ಬ ಸಿಸ್ಟರ್ ಇದ್ದಾರೆ, ಮನಶ್ಶಾಸ್ತ್ರ ಓದಿದವರು, ಹೋಗಿ ಬಾ ಎಂದರು. ನಮ್ಮ ಮನೆಯವರಿಗೆ ಇಗರ್ಜಿಯ ಮೆಟ್ಟಿಲು ಹೊಸದಲ್ಲ. ತಿರುವನಂತಪುರದ ಪಾಳಯಂನಲ್ಲಿ ಗಣಪತಿ ಗುಡಿ, ಮಸೀದಿ, ಸಂತ ಜೋಸೆಫರ ಇಗರ್ಜಿ ಕೂಗಳತೆಯಲ್ಲೇ ಇವೆ. ಕೊಚ್ಚಿಯಲ್ಲೂ ಮಂಗಳವಾರ ಕಲೂರಿನ ಸಂತ ಅಂತೋಣಿಯವರ ಸನ್ನಿಧಿಗೆ ಎಲ್ಲ ಮತದವರೂ ಮೇಣದಬತ್ತಿ ಹಿಡಿದು ಹೋಗುತ್ತಾರೆ. ಆದರೂ ಮೇಣದಬತ್ತಿ ಹಚ್ಚುವುದು ಬೇರೆ, ಮನೆಯ ಗುಟ್ಟು ಬಿಚ್ಚುವುದು ಬೇರೆ. ನಾಳೆ ಮತಕ್ಕೆ ಸೇರಿ ಎಂದರೆ ಏನು ಗತಿ ಎಂಬ ಅಳುಕು ನಮ್ಮಿಬ್ಬರಿಗೂ ಇತ್ತು.

ಸಣ್ಣ ಕೋಣೆ. ಒಂದು ಮೇಜು, ಎದುರುಬದುರಲ್ಲದೆ ಓರೆಯಾಗಿ ಇಟ್ಟ ಕುರ್ಚಿಗಳು, ಒಂದು ಹೂಜಿ ನೀರು, ಗೋಡೆಯ ಮೇಲೆ ಶಿಲುಬೆ. ಸಿಸ್ಟರ್ ನಮ್ಮ ಜಾತಿ ಮತ ಕೇಳಲಿಲ್ಲ, ಕುಡುಕನ ವಿಚಾರವನ್ನೂ ಮೊದಲು ಕೇಳಲಿಲ್ಲ. ನಮ್ಮ ಮನೆಯವರ ಕಡೆ ತಿರುಗಿ, "ರಾತ್ರಿ ನಿದ್ದೆ ಬರುತ್ತದೆಯೆ?" ಎಂದರು. ಅಷ್ಟಕ್ಕೇ ಕಟ್ಟೆಯೊಡೆಯಿತು. ಮುಕ್ಕಾಲು ಗಂಟೆ ಕನ್ನಡ, ಮಲಯಾಳ, ಅಳು ಮೂರೂ ಬೆರೆತು ಹರಿಯಿತು. ಸಿಸ್ಟರಿಗೆ ಅದರಲ್ಲಿ ಎಷ್ಟು ಅರ್ಥವಾಯಿತೋ, ನಡುವೆ ಬಾಯಿ ಹಾಕಲಿಲ್ಲ. "ಸಾರಮಿಲ್ಲ" ಎಂದು ಎರಡು ಬಾರಿ ಹೇಳಿದರು. ಚಿಂತೆಯಿಲ್ಲ ಎಂದು ಅದರರ್ಥ. ಕೇರಳಕ್ಕೆ ಬಂದ ಹೊಸದರಲ್ಲಿ ಹೋಟೆಲಿನಲ್ಲಿ ಈ ಮಾತು ಕೇಳಿ ಸಾರು ಮುಗಿಯಿತೆಂದು ಎದ್ದು ಬಂದ ಕನ್ನಡಿಗರಿದ್ದಾರೆ. ಕಡೆಗೆ, "ನಿಮಗಾಗಿ ಪ್ರಾರ್ಥಿಸಬಹುದೇ?" ಎಂದು ಅಪ್ಪಣೆ ಕೇಳಿ ಒಂದು ನಿಮಿಷ ಕಣ್ಣು ಮುಚ್ಚಿದರು. ಆ ರಾತ್ರಿ ನಮ್ಮ ಮನೆಯವರು ಉಂಡರು.

ಕನ್ನಡದಲ್ಲಿ ಇದಕ್ಕೆ ಆಪ್ತಸಲಹೆ ಎನ್ನುತ್ತೇವೆ. ನಮಗನ್ನಿಸುವುದು, ಅಲ್ಲಿ ಕೆಲಸ ಮಾಡಿದ್ದು ಆಕೆ ನಮ್ಮ ಆಪ್ತರಲ್ಲದಿದ್ದುದೇ. ಕಥೋಲಿಕರಲ್ಲಿ ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪಾದ್ರಿ ಯಾರಿಗೂ, ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ಸಿಸ್ಟರ್ ನಡೆಸುವುದು ಪಾಪನಿವೇದನೆಯಲ್ಲ ನಿಜ. ಆದರೆ ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ವ್ರತ ಆ ಕಟ್ಟಡದ ಗೋಡೆಗೇ ಹತ್ತಿದಂತಿತ್ತು. ನಾವು ಹೇಳಿದ ಒಂದು ಮಾತೂ ಚೇಚಿಗೆ ತಿಳಿಯಲಿಲ್ಲ.

ನಾಲ್ಕನೇ ವಾರ ಭಾವಮೈದ ತಾನಾಗಿ ಬಂದ. ಅಕ್ಕ ಎಲ್ಲಿಗೆ ಹೋಗಿ ಹಗುರಾಗಿ ಬರುತ್ತಾಳೆಂಬ ಕುತೂಹಲ. ಸಿಸ್ಟರ್ ಅವನಿಗೆ ಬೈಬಲ್ ಕೊಡಲಿಲ್ಲ, ಮನೋವೈದ್ಯರ ವಿಳಾಸ ಕೊಟ್ಟರು. ಬಹುಕಾಲ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣಕ್ಕೂ ಎರವಾಗಬಹುದು. ಮೊದಲು ಆಸ್ಪತ್ರೆ, ಆಮೇಲೆ ಉಳಿದದ್ದು ಎಂದರು. ಹತ್ತು ದಿನ ಆಸ್ಪತ್ರೆಯಲ್ಲಿದ್ದ. ನಡುಕ ತಡೆಯುವ ಔಷಧ, ಬಿ1 ಜೀವಸತ್ವದ ಚುಚ್ಚುಮದ್ದು. ಬಳಿಕ ಅವನ ಒಪ್ಪಿಗೆ ಪಡೆದು ಡೈಸಲ್ಫಿರಾಂ ಮಾತ್ರೆ.

ಬಿ.ಎಸ್ಸಿ.ಯಲ್ಲಿ ಓದಿದ ರಸಾಯನಶಾಸ್ತ್ರ ಇಷ್ಟು ವರ್ಷಗಳ ಮೇಲೆ ಇಲ್ಲಿ ಉಪಯೋಗಕ್ಕೆ ಬಂತು. ಮದ್ಯಸಾರ ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಆಗಿ, ಆಮೇಲೆ ನಿರಪಾಯಕಾರಿ ಅಸಿಟೇಟ್ ಆಗುತ್ತದೆ. ಈ ಮಾತ್ರೆ ಎರಡನೇ ಹಂತಕ್ಕೆ ಅಡ್ಡಗಟ್ಟುತ್ತದೆ. ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳುತ್ತದೆ. ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೋಬ್ಸೆನ್ 1948ರಲ್ಲಿ ಇದನ್ನು ಪ್ರಕಟಿಸಿದರು. ಕುಡಿಯುವವನಿಗೆ ತಿಳಿಯದಂತೆ ಇಂಥದ್ದನ್ನು ಸಾರಿನಲ್ಲಿ ಬೆರೆಸುವವರಿದ್ದಾರೆ. ಅದು ಪ್ರಾಣಾಪಾಯದ ಆಟ. ಮಾತ್ರೆ ಹೆದರಿಸಬಲ್ಲದು, ಅಷ್ಟೆ. ಸಂಜೆ ಆರು ಗಂಟೆಗೆ ಅಂಗಡಿ ಮುಚ್ಚಿ ಹೊರಬಿದ್ದವನು ಎತ್ತ ಹೆಜ್ಜೆ ಹಾಕಬೇಕೆಂಬುದಕ್ಕೆ ಮಾತ್ರೆಯಲ್ಲಿ ಉತ್ತರವಿಲ್ಲ.

ಉತ್ತರವಿದ್ದದ್ದು ಇಗರ್ಜಿಯ ಹಿಂದಿನ ಹಾಲಿನಲ್ಲಿ, ಭಾನುವಾರ ಸಂಜೆ ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದಲ್ಲಿ. ಇದು ಇಗರ್ಜಿಯ ಸಂಸ್ಥೆಯಲ್ಲ, ಜಾಗ ಮಾತ್ರ ಅವರದು. 1935ರಲ್ಲಿ ಅಮೆರಿಕದ ಏಕ್ರನ್ ಪಟ್ಟಣದಲ್ಲಿ ಇದನ್ನು ಆರಂಭಿಸಿದ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಇಬ್ಬರೂ ಕುಡಿತದಿಂದ ಮುಳುಗಿದವರೇ. ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದಿಂದ ತಪ್ಪೊಪ್ಪಿಗೆಯ, ಪ್ರಾರ್ಥನೆಯ ಪಾಠ ಕಲಿತವರು. ಆದರೆ 1939ರಲ್ಲಿ ತಮ್ಮ ಹನ್ನೆರಡು ಮೆಟ್ಟಿಲುಗಳನ್ನು ಅಚ್ಚುಮಾಡಿದಾಗ, ದೇವರನ್ನು ಅವರವರು ತಿಳಿದಂತೆ ತಿಳಿಯಲಿ ಎಂದು ಬಿಟ್ಟುಬಿಟ್ಟರು. ಆ ಸಣ್ಣ ಸಡಿಲಿಕೆಯಿಂದಲೇ ತೀರ್ಥಹಳ್ಳಿಯ ಹುಡುಗನಿಗೆ ಅಲ್ಲಿ ಜಾಗ ಸಿಕ್ಕಿತು. ಮೀನುಗಾರರು, ಬ್ಯಾಂಕಿನವರು, ಒಬ್ಬ ನಿವೃತ್ತ ಮೇಷ್ಟರು ತಮ್ಮ ತಮ್ಮ ಕಥೆ ಹೇಳುತ್ತಿದ್ದಲ್ಲಿ ಇವನು ಧರ್ಮಸ್ಥಳದ ಮಂಜುನಾಥನನ್ನು ನೆನೆದು ತನ್ನದನ್ನು ಹೇಳಿದ. ಧರ್ಮಸ್ಥಳದವರೇ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ ಎಂದಾಗ, ಮೇಷ್ಟರು ಕುತೂಹಲದಿಂದ ಕೇಳಿಕೊಂಡರಂತೆ. ಮನೆಮಂದಿಗೆಂದು 1951ರಿಂದ ಅಲ್-ಅನಾನ್ ಎಂಬ ಬೇರೆ ಕೂಟವೇ ಇದೆ. ನಮ್ಮ ಮನೆಯವರು ಅಲ್ಲಿಗೆ ಹೋದರು.

ನಾಲ್ಕನೇ ತಿಂಗಳು ಅವನು ಮತ್ತೆ ಕುಡಿದು ಬಂದ. ಮನೆಯಲ್ಲಿ ಸೂತಕದ ಕಳೆ. ಮರುದಿನ ಕೂಟದ ಇಬ್ಬರು ಬಾಗಿಲಿಗೆ ಬಂದು, ಬೈಯದೆ, ಚಹಾ ಕುಡಿದು ಕರೆದುಕೊಂಡು ಹೋದರು. ಇದಾಗಿ ಎರಡು ವರ್ಷ ಕಳೆದಿದೆ. ಗುಣವಾಯಿತೇ ಎಂದರೆ, "ಇವತ್ತು ಕುಡಿದಿಲ್ಲ" ಎನ್ನುತ್ತಾನೆ.

ಕೂಟದವರಲ್ಲಿ ಕೆಲವರು ಚಾಲಕುಡಿ ಬಳಿಯ ಮುರಿಂಙೂರಿನ ಡಿವೈನ್ ಕೇಂದ್ರಕ್ಕೂ ಹೋಗಿ ಬಂದವರು. ವಿನ್ಸೆನ್ಶಿಯನ್ ಪಾದ್ರಿಗಳು ನಡೆಸುವ ಅಲ್ಲಿ ಕನ್ನಡದಲ್ಲೂ ಧ್ಯಾನಕೂಟಗಳು ನಡೆದಿವೆ. ಮಲಯಾಳದವರು ಧ್ಯಾನಕ್ಕೆ ಹೋಗುತ್ತೇವೆಂದರೆ ಕಣ್ಣು ಮುಚ್ಚಿ ಕೂರುತ್ತಾರೆಂದು ತಿಳಿಯಬೇಡಿ. ಹಾಡು, ಚಪ್ಪಾಳೆ, ಪ್ರವಚನ ಎಲ್ಲ ಉಂಟು. ನಮ್ಮ ಸ್ವಭಾವಕ್ಕೆ ಅಷ್ಟು ಸದ್ದು ಒಗ್ಗದು, ಒಗ್ಗಿದವರು ಬದುಕಿಕೊಂಡಿದ್ದಾರೆ. ಆದರೆ ಯಾವ ಮತದವರೇ ಆಗಲಿ, ಪ್ರಾರ್ಥನೆ ಸಾಕು ಮಾತ್ರೆ ಎಸೆಯಿರಿ ಎಂದರೆ ಅಲ್ಲಿಂದ ಎದ್ದು ಬರುವುದು ಕ್ಷೇಮ. ನಮ್ಮ ಸಿಸ್ಟರ್ ಪ್ರತಿ ಸಲವೂ ಮೊದಲು ಮಾತ್ರೆಯ ಚೀಟಿ ನೋಡುತ್ತಿದ್ದರು.

ಅವರು ಈಗ ತಿರುವನಂತಪುರದಲ್ಲಿದ್ದಾರೆ. ಕನ್ನಡದಲ್ಲೇ ಹೇಳಿಕೊಳ್ಳಬೇಕೆನ್ನುವವರಿಗೆ 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಇದೆ. 14416ಕ್ಕೆ ಫೋನು ಮಾಡಿದರೆ ಹಣ ಬೀಳದು. ಇದರ ಜೊತೆಗೆ ಕಾರ್ಯಕಾರಿ ಸಮಿತಿಗೆ ನಮ್ಮದೊಂದು ಅರಿಕೆ: ಸಂಘದ ವಾಚನಾಲಯದ ಹಿಂದಿನ ಕೋಣೆಯಲ್ಲಿ ಹಳೆಯ ಬ್ಯಾನರುಗಳು ತುಂಬಿವೆ. ಅವನ್ನು ತೆಗೆಸಿ ಎರಡು ಕುರ್ಚಿ ಹಾಕಿಸಿದರೆ, ತಿಂಗಳಿಗೊಂದು ಶನಿವಾರ ತರಬೇತಿ ಪಡೆದವರೊಬ್ಬರನ್ನು ಕರೆಸಿ ಕೂರಿಸಬಹುದು. ಅವರು ಸಂಘದ ಸದಸ್ಯರಾಗಿರದಿದ್ದರೆ ಒಳ್ಳೆಯದು.